ಸೇವೆಯ ಹೆಸರಿನ ಹಣ ಸೇವೆ ಮಾಡಿದವರಿಗೆ ಸೇರಲಿ



ಸೀಜನ್ ಬಂತೆಂದರೆ ನಮ್ಮ ಲೈನುಗಳ ಎಷ್ಟೋ ಹುಡುಗರು ಊಟಿ, ಕೂನೂರಿನ ಹೋಟೆಲುಗಳಿಗೆ ಸಪ್ಲಯರ್ ಕೆಲಸಕ್ಕೆ, ಪಾತ್ರೆ ತೊಳೆಯುವ ಕೆಲಸಕ್ಕೆ ಹೋಗುತ್ತಾರೆ. ಕೆಲವರು ಬೆಂಗಳೂರು, ಕೊಯಮತ್ತೂರು ಸೇರಿದ್ದಾರೆ. ಸಿಂಗಪುರ, ಮಲೇಷ್ಯಾಗಳ ತನಕ ಹೋದವರೂ ಇದ್ದಾರೆ. ರಜೆಗೆ ಬಂದಾಗ ಇವರೆಲ್ಲ ಹೇಳುವ ಮಾತು ಒಂದೇ. ಊಟ ಮುಗಿದ ಮೇಲೆ ಬಿಲ್ಲು ನೋಡಿದ ಗಿರಾಕಿ ಸಿಡುಕುವುದು ಮಾಲೀಕನ ಮೇಲಲ್ಲ, ಬಿಲ್ಲು ತಂದಿಟ್ಟ ಹುಡುಗನ ಮೇಲೆ!

ಗಿರಾಕಿಯ ಸಿಟ್ಟಿಗೂ ಕಾರಣವಿಲ್ಲದೆ ಇಲ್ಲ. ಸಿಂಗಪುರದ ದೊಡ್ಡ ಹೋಟೆಲುಗಳ ತಿಂಡಿಪಟ್ಟಿಯಲ್ಲಿ ಬೆಲೆಯ ಪಕ್ಕದಲ್ಲಿ ಎರಡು ಕೂಡಿಸುವ ಗುರುತುಗಳು ಇರುತ್ತವೆ. ಒಂದು ಸರ್ವಿಸ್ ಚಾರ್ಜಿಗೆ, ಇನ್ನೊಂದು ತೆರಿಗೆಗೆ. 100 ಡಾಲರಿನ ಊಟಕ್ಕೆ ಮೊದಲು ಶೇಕಡಾ 10 ಸರ್ವಿಸ್ ಚಾರ್ಜು ಸೇರಿ 110 ಆಗುತ್ತದೆ. ಆ 110ರ ಮೇಲೆ ಶೇಕಡಾ 9 ತೆರಿಗೆ ಬಿದ್ದು ಒಟ್ಟು 119 ಡಾಲರ್ 90 ಸೆಂಟು ಕೊಡಬೇಕು. ಅಂದರೆ ಸರ್ವಿಸ್ ಚಾರ್ಜಿನ ಮೇಲೂ ತೆರಿಗೆ! ಅಲ್ಲಿ 1994ರಲ್ಲಿ ಶೇಕಡಾ 3ರಿಂದ ಶುರುವಾದ ಈ ತೆರಿಗೆ 2023ರಲ್ಲಿ 8ಕ್ಕೂ 2024ರಲ್ಲಿ 9ಕ್ಕೂ ಏರಿತು. ಥಾಯ್ಲೆಂಡಿನಲ್ಲಿಯೂ ಹೀಗೆಯೇ ಶೇಕಡಾ 10ರ ಮೇಲೆ 7 ಕೂಡಿಸುವ ಹೋಟೆಲುಗಳುಂಟು.

ಈ ಎರಡನ್ನೂ ಒಂದೇ ಎಂದು ತಿಳಿಯಬಾರದು. ತೆರಿಗೆ ಸರಕಾರಕ್ಕೆ ಹೋಗುತ್ತದೆ. ಅದು ಹೆಚ್ಚೋ ಕಡಿಮೆಯೋ ಎಂಬ ವಾದ ಬೇರೆ. ಸರ್ವಿಸ್ ಚಾರ್ಜಿನಲ್ಲಿ ಸರಕಾರಕ್ಕೆ ಪಾಲಿಲ್ಲ. ಅದು ಮಾಲೀಕನ ಪೆಟ್ಟಿಗೆಗೆ ಬೀಳುವ ಹಣ. ಬಡಿಸಿದವನ ಹೆಸರು ಹೇಳಿ ವಸೂಲು ಮಾಡಿದ ಆ ಹಣ ಬಡಿಸಿದವನ ಕೈಸೇರಿತೇ? ನಮ್ಮ ಪ್ರಶ್ನೆ ಇದು.

ಇದಕ್ಕೆ ಚೆನ್ನಾದ ಉತ್ತರ ಕೊಟ್ಟ ದೇಶ ಫಿಲಿಪೈನ್ಸ್. ಅಲ್ಲಿ ಹಿಂದೆ ಸರ್ವಿಸ್ ಚಾರ್ಜಿನಲ್ಲಿ ಶೇಕಡಾ 85 ಕಾರ್ಮಿಕರಿಗೆ, 15 ಆಡಳಿತಕ್ಕೆ ಎಂದಿತ್ತು. 2019ರಲ್ಲಿ ತಂದ 11360ನೆಯ ಕಾಯಿದೆಯಂತೆ ವ್ಯವಸ್ಥಾಪಕರನ್ನು ಬಿಟ್ಟು ಉಳಿದ ಕೆಲಸಗಾರರಿಗೆ ಅದನ್ನು ಪೂರ್ತಿಯಾಗಿ, ಸಮನಾಗಿ ಹಂಚಬೇಕು. ಮಲೇಷ್ಯಾದಲ್ಲಿ ಕೆಲವು ಹೋಟೆಲಿನವರು ಸರ್ವಿಸ್ ಚಾರ್ಜಿನ ಹಣವನ್ನೇ ಸೇರಿಸಿ ಕನಿಷ್ಠ ವೇತನ ಕೊಟ್ಟೆವು ಎಂದು ಲೆಕ್ಕ ತೋರಿಸಲು ಹೊರಟರು. ಹೋಟೆಲು ಕಾರ್ಮಿಕರ ಯೂನಿಯನ್ ಬಿಡಲಿಲ್ಲ. ಮೊಕದ್ದಮೆ ಅಲ್ಲಿನ ಅತ್ಯುನ್ನತ ನ್ಯಾಯಾಲಯದ ತನಕ ಹೋಗಿ, 2021ರಲ್ಲಿ ಕಾರ್ಮಿಕರ ಪರವಾಗಿ ತೀರ್ಪಾಯಿತು. ಗಿರಾಕಿ ಕೊಟ್ಟ ಹಣದಿಂದ ಮಾಲೀಕ ತನ್ನ ಸಂಬಳದ ಬಾಕಿ ತುಂಬಿಸಿಕೊಳ್ಳುವಂತಿಲ್ಲ ಎಂಬುದು ಅದರ ಸಾರ. ಸಂಘಟನೆಯಿಂದ ಏನಾಗುತ್ತದೆ ಎಂದು ಕೇಳುವವರಿಗೆ ಇದೇ ಉತ್ತರ.

ನಮ್ಮ ದೇಶಕ್ಕೆ ಬರೋಣ. ಸಾಧಾರಣ ಹೋಟೆಲುಗಳಲ್ಲಿ ಊಟದ ಮೇಲಿನ ಜಿ.ಎಸ್.ಟಿ. 2017ರ ನವೆಂಬರಿನಿಂದ ಶೇಕಡಾ 5. ಹೆಚ್ಚು ಬಾಡಿಗೆಯ ಕೊಠಡಿಗಳಿರುವ ದೊಡ್ಡ ಹೋಟೆಲುಗಳೊಳಗೆ ಶೇಕಡಾ 18. ಸರ್ವಿಸ್ ಚಾರ್ಜನ್ನು ಗಿರಾಕಿಯ ಒಪ್ಪಿಗೆಯಿಲ್ಲದೆ ಬಿಲ್ಲಿಗೆ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಸೂಚನೆ ಹೊರಡಿಸಿತು. ಹೋಟೆಲು ಮಾಲೀಕರ ಸಂಘಗಳು ಕೋರ್ಟಿಗೆ ಹೋದವು. ದೆಹಲಿ ಹೈಕೋರ್ಟು 2025ರ ಮಾರ್ಚ್ 28ರಂದು ಆ ಸೂಚನೆಯನ್ನೇ ಎತ್ತಿಹಿಡಿಯಿತು. ಅದರ ಮೇಲೆ ಮಾಲೀಕರು ಮೇಲ್ಮನವಿಯನ್ನೂ ಹಾಕಿದರು.

ಸರ್ವಿಸ್ ಚಾರ್ಜು ನಿಂತರೆ ಕಾರ್ಮಿಕರಿಗೇ ನಷ್ಟ ಎಂಬುದು ಮಾಲೀಕರ ವಾದ. ಕೇಳಲು ಚೆನ್ನಾಗಿದೆ. ಆದರೆ ಅದನ್ನು ಪೂರ್ತಿ ಹಂಚಲೇಬೇಕೆಂಬ ಫಿಲಿಪೈನ್ಸಿನಂಥ ಕಾಯಿದೆ ನಮ್ಮಲ್ಲಿಲ್ಲ. ಹಂಚುವ ಮಾಲೀಕರೂ ಇದ್ದಾರು. ಅವರಿಗೆ ನಮ್ಮ ನಮಸ್ಕಾರ. ಉಳಿದವರನ್ನು ನಾವು ಕೇಳುವುದಿಷ್ಟೆ: ಕಾರ್ಮಿಕನ ಹೆಸರಿನಲ್ಲಿ ತಿಂಗಳಿಗೆ ಎಷ್ಟು ಬಂತು, ಎಷ್ಟು ಹಂಚಿದಿರಿ ಎಂಬ ಲೆಕ್ಕವನ್ನು ನೋಟೀಸ್ ಬೋರ್ಡಿಗೆ ಹಾಕಿರಿ. ಅದಾಗದಿದ್ದರೆ ಊಟದ ಬೆಲೆಯನ್ನೇ ನ್ಯಾಯವಾಗಿ ಇಟ್ಟು, ಅದರಿಂದ ನ್ಯಾಯವಾದ ಸಂಬಳ ಕೊಡಿರಿ.

ತೋಟದವರಾದ ನಮಗೆ ಈ ಲೆಕ್ಕ ಹೊಸದಲ್ಲ. ಎಲೆ ತೂಗುವಾಗ ಚೀಲಕ್ಕಿಷ್ಟು, ನೀರಿಗಿಷ್ಟು ಎಂದು ಕಿಲೋ ಕಳೆಯುವುದನ್ನು ನೋಡುತ್ತ ಬೆಳೆದವರು ನಾವು. ಕಳೆಯುವಾಗಲಾಗಲಿ ಕೂಡಿಸುವಾಗಲಾಗಲಿ, ಯಾರ ಹೆಸರಿನಲ್ಲಿ, ಯಾರ ಜೇಬಿಗೆ ಎಂದು ಕೇಳುವುದು ನಮ್ಮ ಹಕ್ಕು.

ಇನ್ನು ನಾವೂ ಒಮ್ಮೊಮ್ಮೆ ಗಿರಾಕಿಗಳೇ. ವೇಲಾಂಕಣಿ ಯಾತ್ರೆಗೋ ಮದುವೆ ಜವಳಿಗೋ ಹೊರಟಾಗ ದಾರಿಯಲ್ಲಿ ಮಕ್ಕಳೊಡನೆ ಉಣ್ಣಲೇಬೇಕು. ಆಗ ಬಿಲ್ಲನ್ನು ಓದಿ. ಜಿ.ಎಸ್.ಟಿ. ನೋಂದಣಿ ಸಂಖ್ಯೆ ಇಲ್ಲದ ಬಿಲ್ಲಿನಲ್ಲಿ ತೆರಿಗೆ ಕೇಳುವಂತಿಲ್ಲ. ಕಾಂಪೊಸಿಷನ್ ಸ್ಕೀಮಿಗೆ ಸೇರಿದ ಸಣ್ಣ ಹೋಟೆಲಿನವರು ತೆರಿಗೆಯನ್ನು ತಾವೇ ಕಟ್ಟಬೇಕು, ನಮ್ಮಿಂದ ಬೇರೆಯಾಗಿ ವಸೂಲು ಮಾಡಬಾರದು. ಸರ್ವಿಸ್ ಚಾರ್ಜು ಸೇರಿಸಿದ್ದರೆ ತೆಗೆಯಿರಿ ಎಂದು ಮರ್ಯಾದೆಯಿಂದ ಗಲ್ಲಾದಲ್ಲಿರುವವರಿಗೆ ಹೇಳಿ. ಒಪ್ಪದಿದ್ದರೆ 1915 ನಂಬರಿನ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು. ಆದರೆ ಬಡಿಸಿದ ಹುಡುಗನ ಮೇಲೆ ರೇಗಬೇಡಿ. ಅವನು ಯಾವುದೋ ಲೈನಿನ ತಾಯಿಯ ಮಗ. ಕೊಡುವ ಮನಸ್ಸಿದ್ದರೆ ಐದೋ ಹತ್ತೋ ಅವನ ಕೈಗೇ ಕೊಡಿ.

ಹೋಟೆಲು ಸೇರಿದ ನಮ್ಮ ಮಕ್ಕಳಿಗೂ ಒಂದು ಮಾತು. ಒಂಟಿಯಾಗಿ ಕೇಳಿದವನು ಕೆಲಸ ಕಳೆದುಕೊಳ್ಳುತ್ತಾನೆ, ಕೂಡಿ ಕೇಳಿದವರು ಉತ್ತರ ಪಡೆಯುತ್ತಾರೆ. ಸಂಬಳದ ಚೀಟಿ ಕೇಳಿ ಪಡೆಯಿರಿ, ಜೋಪಾನವಾಗಿಡಿ, ಯೂನಿಯನ್ನಿಗೆ ಸೇರಿರಿ.

ಬಡ ಕೂಲಿಯಾಳಿನ ಕೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಟ್ಟುಬಿಡಬೇಕೆಂದು ಮೋಶೆಯ ಧರ್ಮಶಾಸ್ತ್ರ ವಿಧಿಸಿದೆ. ಕೊನೆಯ ಭೋಜನದ ರಾತ್ರಿ ನಡುಕಟ್ಟಿಕೊಂಡು ಶಿಷ್ಯರ ಕಾಲು ತೊಳೆದ ಪ್ರಭು ಸೇವೆ ಮಾಡುವವರ ಸಾಲಿನಲ್ಲಿಯೇ ನಿಂತನು. ಆ ಸಾಲಿನವರಿಗೆ ಸಲ್ಲಬೇಕಾದದ್ದನ್ನು ತಡೆಹಿಡಿದವರು ಆತನಿಗೂ ಲೆಕ್ಕ ಒಪ್ಪಿಸಬೇಕಾಗುತ್ತದೆ.