ಹಳೆಯ ಸ್ಲೈಡುಗಳ ಜೀರ್ಣೋದ್ಧಾರ

ಗ್ರಂಥವು ಎರಡು ವಿಧವಾಗಿ ನಷ್ಟವಾಗುವುದುಂಟು. ಹುಳುಬಿದ್ದು ಓಲೆಯೇ ಹಾಳಾಗುವುದು ಒಂದು ವಿಧ. ಓಲೆಯು ಚೆನ್ನಾಗಿಯೇ ಇದ್ದರೂ ಅದರ ಲಿಪಿಯನ್ನು ಬಲ್ಲವರು ಇಲ್ಲದೆ ಹೋಗುವುದು ಇನ್ನೊಂದು ವಿಧ. ಈ ಎರಡನೆಯ ನಷ್ಟವು ಸದ್ದಿಲ್ಲದೆ ಬರತಕ್ಕದ್ದಾದುದರಿಂದ ಅದರ ವಿಷಯದಲ್ಲಿ ಎಚ್ಚರಿಕೆಯು ಹೆಚ್ಚಾಗಿ ಬೇಕು. ನಮ್ಮ ಮನೆಗಳ ಕಂಪ್ಯೂಟರುಗಳಲ್ಲಿ ಈಗ ನಡೆಯುತ್ತಿರುವುದು ಇದೇ. ಇಪ್ಪತ್ತು ವರ್ಷಗಳ ಕೆಳಗೆ ಉಪಾಧ್ಯಾಯರು ಸಿದ್ಧಪಡಿಸಿದ ಪಾಠಗಳು, ವಿವಾಹಾದಿ ಶುಭಕಾರ್ಯಗಳ ಚಿತ್ರಮಾಲೆಗಳು, ಹಿರಿಯರ ಷಷ್ಟ್ಯಬ್ದಿಯಂದು ತೋರಿಸಿದ ವಂಶವೃತ್ತಾಂತಗಳು, ಇವೆಲ್ಲವೂ ಪವರ್‌ಪಾಯಿಂಟಿನ ಹಳೆಯ ಫೈಲುಗಳಾಗಿ ಸಿ.ಡಿ.ಗಳಲ್ಲಿ ಮಲಗಿವೆ.

ಒಬ್ಬ ಸೋದರಿಯು ಬರೆದಿರುವ ಕಾಗದವನ್ನು ಓದಿ ಮನಸ್ಸಿಗೆ ವ್ಯಥೆಯಾಯಿತು. ಆಕೆಯ ತಂದೆಯವರು ಪ್ರೌಢಶಾಲೆಯಲ್ಲಿ ವಿಜ್ಞಾನವನ್ನು ಬೋಧಿಸುತ್ತಿದ್ದರು. 2004ರಲ್ಲಿ ಕನ್ನಡದಲ್ಲಿಯೇ ಸ್ಲೈಡುಗಳನ್ನು ರಚಿಸಿ, ತಮ್ಮ ವಿವರಣೆಯನ್ನು ಸ್ವಂತ ಧ್ವನಿಯಲ್ಲಿ ಸೇರಿಸಿದ್ದರಂತೆ. ಅವರು ಈಗ ಕಾಲವಾಗಿದ್ದಾರೆ. ಮಗಳು ಆ ಫೈಲನ್ನು ಹೊಸ ಕಂಪ್ಯೂಟರಿಗೆ ಹಾಕಿ ತೆರೆದಾಗ ಕನ್ನಡದ ಸ್ಥಾನದಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳು ಕಂಡವು. ಧ್ವನಿಯು ಕೇಳಿಸಲೇ ಇಲ್ಲ. ಇವೆರಡಕ್ಕೂ ಪರಿಹಾರವುಂಟೆ ಎಂದು ಆಕೆಯ ಪ್ರಶ್ನೆ. ಬಹುಮಟ್ಟಿಗೆ ಉಂಟು.

ಮೊದಲು ಕಾರಣವನ್ನು ತಿಳಿಯೋಣ. ಪವರ್‌ಪಾಯಿಂಟು 1987ರಲ್ಲಿ ಮ್ಯಾಕಿಂತೋಷ್ ಯಂತ್ರಕ್ಕಾಗಿ ಹೊರಬಂದಿತು. ಅದೇ ವರ್ಷ ಮೈಕ್ರೋಸಾಫ್ಟ್ ಸಂಸ್ಥೆಯು ಅದನ್ನು ಕೊಂಡುಕೊಂಡಿತು. 97ರಿಂದ 2003ರವರೆಗಿನ ಆವೃತ್ತಿಗಳು 'ಪಿಪಿಟಿ' ಎಂಬ ಒಂದೇ ಬಗೆಯ ಫೈಲನ್ನು ಬರೆಯುತ್ತಿದ್ದವು. 2007ರ ಆವೃತ್ತಿಯಿಂದ 'ಪಿಪಿಟಿಎಕ್ಸ್' ಎಂಬ ಹೊಸ ರಚನೆಯು ರೂಢಿಗೆ ಬಂದಿತು. ಅದು 2008ರಲ್ಲಿ ಅಂತರರಾಷ್ಟ್ರೀಯ ಮಾನಕವೂ ಆಯಿತು. ಈ ಹೊಸ ಫೈಲೆಂಬುದು ವಸ್ತುತಃ ಒಂದು ಜಿಪ್ ಗಂಟು. ಅದರೊಳಗೆ ಬರಹವು ಬೇರೆ, ಚಿತ್ರಗಳು ಬೇರೆಯಾಗಿ ಅಡಕವಾಗಿರುತ್ತವೆ. ಆದಕಾರಣ ಮುಂದೆಂದಾದರೂ ತಂತ್ರಾಂಶವು ಕೈಕೊಟ್ಟರೂ ಗಂಟನ್ನು ಬಿಚ್ಚಿ ಚಿತ್ರಗಳನ್ನು ಹೊರತೆಗೆಯಲು ಸಾಧ್ಯ.

ಈ ಕಾರ್ಯವು ಭಾಷಾಂತರವಲ್ಲ, ಲಿಪ್ಯಂತರ. ಕೌಟಿಲ್ಯನ ಅರ್ಥಶಾಸ್ತ್ರದ ಗ್ರಂಥಲಿಪಿಯ ಓಲೆಗಳನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿದರು. 1909ರಲ್ಲಿ ಅದು ದೇವನಾಗರಿಯಲ್ಲಿ ಅಚ್ಚಾಯಿತು. ಲಿಪಿಯು ಬದಲಾಯಿತೇ ಹೊರತು ಗ್ರಂಥವು ಬದಲಾಗಲಿಲ್ಲ. ನಮ್ಮ ಕಾರ್ಯದ ಗುರಿಯೂ ಅಷ್ಟೇ.

ಇನ್ನು ಕ್ರಮ. ಸಿ.ಡಿ.ಯಲ್ಲಿರುವ ಫೈಲೊಂದನ್ನೇ ಅಲ್ಲದೆ, ಅದರ ಜೊತೆಯಲ್ಲಿರುವ ಸಮಸ್ತವನ್ನೂ ಕಂಪ್ಯೂಟರಿಗೆ ನಕಲು ಮಾಡಿಕೊಳ್ಳಬೇಕು. ಮೂಲವನ್ನು ಮುಟ್ಟಬಾರದು. ನಕಲನ್ನು ಹೊಸ ಪವರ್‌ಪಾಯಿಂಟಿನಲ್ಲಿ ತೆರೆದು, 'ಫೈಲ್' ಎಂಬಲ್ಲಿ 'ಸೇವ್ ಆ್ಯಸ್' ಆರಿಸಿ, ಪಿಪಿಟಿಎಕ್ಸ್ ಎಂಬ ಬಗೆಯಲ್ಲಿ ಉಳಿಸಬೇಕು. ಕೆಲವರು ಫೈಲಿನ ಹೆಸರಿನ ತುದಿಗೆ 'ಎಕ್ಸ್' ಎಂಬ ಅಕ್ಷರವನ್ನು ಅಂಟಿಸಿ ಕೆಲಸವಾಯಿತೆಂದು ತಿಳಿಯುತ್ತಾರೆ. ಪುಸ್ತಕದ ರಟ್ಟು ಬದಲಾಯಿಸಿದ ಮಾತ್ರಕ್ಕೆ ಒಳಗಿನ ಲಿಪಿಯು ಬದಲಾಗುವುದೆ? ಪವರ್‌ಪಾಯಿಂಟನ್ನು ಕೊಳ್ಳಲು ಅನುಕೂಲವಿಲ್ಲದವರು ಲಿಬ್ರೆ ಆಫೀಸ್ ಎಂಬ ಉಚಿತ ತಂತ್ರಾಂಶದ 'ಇಂಪ್ರೆಸ್' ಭಾಗದಲ್ಲಿ ಇದೇ ಕಾರ್ಯವನ್ನು ಮಾಡಬಹುದು. 95ನೆಯ ಆವೃತ್ತಿಯ ಅಥವಾ ಅದಕ್ಕೂ ಹಿಂದಿನ ಫೈಲುಗಳನ್ನು 2007ರಿಂದೀಚಿನ ಪವರ್‌ಪಾಯಿಂಟು ತೆರೆಯದು. ಅಂಥವನ್ನು ಪವರ್‌ಪಾಯಿಂಟ್ 97 ಇರುವ ಹಳೆಯ ಯಂತ್ರವೊಂದರಲ್ಲಿ ತೆರೆದು, ಆ ಆವೃತ್ತಿಯಲ್ಲಿ ಉಳಿಸಿ, ಆಮೇಲೆ ಹೊಸದಕ್ಕೆ ತರಬೇಕು.

ಅಕ್ಷರಗಳ ವಿಚಾರ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ, ಅದು ಜನಬಳಕೆಗೆ ಬರಲು ಬಹುಕಾಲ ಹಿಡಿಯಿತು. ಅಲ್ಲಿಯವರೆಗೆ ನುಡಿ, ಬರಹ ಮೊದಲಾದವುಗಳ ಫಾಂಟುಗಳೇ ನಮಗೆ ಆಸರೆಯಾಗಿದ್ದವು. ಆ ವಿಧಾನದಲ್ಲಿ ಯಂತ್ರದೊಳಗೆ ಇರುತ್ತಿದ್ದುದು ರೋಮನ್ ಸಂಕೇತ. ಕನ್ನಡದ ವೇಷವನ್ನು ತೊಡಿಸುತ್ತಿದ್ದುದು ಫಾಂಟು. ಫಾಂಟಿಲ್ಲದ ಕಡೆ ವೇಷವು ಕಳಚಿಬೀಳುತ್ತದೆ. ಅದೇ ಫಾಂಟನ್ನು ಸ್ಥಾಪಿಸಿದೊಡನೆ ಕನ್ನಡವು ಮರಳಿ ಕಾಣುವುದು. ಆದರೆ ಅಷ್ಟಕ್ಕೇ ನಿಲ್ಲದೆ, ಪ್ರತಿಯೊಂದು ಸ್ಲೈಡಿನ ಬರಹವನ್ನೂ ಪರಿವರ್ತಕ ತಂತ್ರಾಂಶದ ಮೂಲಕ ಯೂನಿಕೋಡಿಗೆ ತಂದು ಮರಳಿ ಅಂಟಿಸುವುದು ಶ್ರೇಯಸ್ಕರ. ಅರ್ಕಾವೊತ್ತು, ಒತ್ತಕ್ಷರಗಳು ತಪ್ಪಿರಬಹುದಾದುದರಿಂದ ಒಮ್ಮೆ ಕಣ್ಣಿಟ್ಟು ಓದಲೇಬೇಕು.

ಧ್ವನಿಯ ವಿಚಾರ. ಹಳೆಯ ಪವರ್‌ಪಾಯಿಂಟು ಚಿಕ್ಕ ಧ್ವನಿಗಳನ್ನು ಮಾತ್ರ ತನ್ನೊಳಗೆ ಇಟ್ಟುಕೊಂಡು, ದೊಡ್ಡವನ್ನು ಹೊರಗೆಯೇ ಬಿಟ್ಟು ಅವುಗಳ ವಿಳಾಸವನ್ನಷ್ಟೇ ಬರೆದುಕೊಳ್ಳುತ್ತಿತ್ತು. ವೀಡಿಯೋಗಳನ್ನು ಫೈಲಿನೊಳಗೆ ಅಡಕಮಾಡುವ ಸೌಕರ್ಯವು ಬಂದದ್ದು 2010ರ ಆವೃತ್ತಿಯಲ್ಲಿ. ಆದುದರಿಂದ ಸೋದರಿಯವರು ಆ ಸಿ.ಡಿ.ಯನ್ನು ಪುನಃ ಪರೀಕ್ಷಿಸಲಿ. ತಂದೆಯವರ ಧ್ವನಿಯು ಬೇರೆ ಫೈಲುಗಳಾಗಿ ಅಲ್ಲಿಯೇ ಇರುವ ಸಂಭವವುಂಟು. ಇದ್ದರೆ ಅವುಗಳನ್ನು 'ಇನ್ಸರ್ಟ್' ಎಂಬಲ್ಲಿಂದ ಆಯಾ ಸ್ಲೈಡಿಗೆ ಹೊಸದಾಗಿ ಸೇರಿಸಬೇಕು. ಸಿ.ಡಿ.ಯಲ್ಲಿ ಇಲ್ಲದಿದ್ದರೆ ಅವರು ಬಳಸುತ್ತಿದ್ದ ಕಂಪ್ಯೂಟರಿನಲ್ಲಿ ಹುಡುಕಬೇಕು. ಆ ಯಂತ್ರವನ್ನು ಹಳೆಯ ಸಾಮಾನಿನವನಿಗೆ ಕೊಡುವ ಮೊದಲೇ ಇದಾಗತಕ್ಕದ್ದು.

ವಿಜ್ಞಾನ ಗಣಿತಗಳ ಪಾಠದಲ್ಲಿ ಇನ್ನೊಂದು ತೊಡಕುಂಟು. ಹಳೆಯ 'ಇಕ್ವೇಷನ್ ಎಡಿಟರ್' ಎಂಬ ಉಪಕರಣವನ್ನು ಮೈಕ್ರೋಸಾಫ್ಟು 2018ರ ಜನವರಿಯಲ್ಲಿ ತೆಗೆದುಹಾಕಿತು. ಅದರಿಂದ ಬರೆದ ಸೂತ್ರಗಳನ್ನು ತಿದ್ದಬೇಕಾದರೆ ಹೊಸದಾಗಿಯೇ ಬರೆಯಬೇಕಾದೀತು.

ಕಡೆಯಲ್ಲಿ ಪಾಠಪರಿಶೋಧನೆ. ಹಳೆಯದನ್ನೂ ಹೊಸದನ್ನೂ ಒಂದೊಂದು ಸ್ಲೈಡಾಗಿ ಹೋಲಿಸಿ ನೋಡಿ, ಬಳಿಕ ಪಿ.ಡಿ.ಎಫ್. ರೂಪದಲ್ಲಿ ಒಂದು ಪ್ರತಿಯನ್ನು ತೆಗೆದಿಡಿರಿ. ಅದರಲ್ಲಿ ಚಲನೆಯಿಲ್ಲದಿದ್ದರೂ ನೋಟವು ಕೆಡುವುದಿಲ್ಲ. ಮೂಲ ಫೈಲನ್ನು ಮಾತ್ರ ಅಳಿಸಬೇಡಿರಿ.

ಒಂದು ಮಾತು ಉಳಿಯಿತು. ಕುಟುಂಬದ ಚಿತ್ರಮಾಲೆಯನ್ನು ಪರಿವರ್ತಿಸುವ ದಿನ ಮನೆಯ ಹಿರಿಯರನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳಿರಿ. ಪ್ರತಿ ಚಿತ್ರದಲ್ಲಿರುವವರು ಯಾರು, ಯಾವ ಊರಿನವರು, ನಮಗೆ ಏನಾಗಬೇಕು ಎಂಬುದನ್ನು ಕೇಳಿ, ಸ್ಲೈಡಿನ ಕೆಳಗಿನ ಟಿಪ್ಪಣಿಯ ಜಾಗದಲ್ಲಿ ಬರೆದಿಡಿರಿ. ಮುಖವನ್ನು ಯಂತ್ರವು ಉಳಿಸಿಕೊಟ್ಟೀತು. ಹೆಸರನ್ನು ಹೇಳಬಲ್ಲವರು ಅವರೇ.