ಬುತ್ತಿಯ ರೊಟ್ಟಿ

ವಿದ್ಯಾರ್ಥಿಗಳೇ, ಬ್ರೆಡ್ಡು–ಜಾಮಿನ ಡಬ್ಬಿಗಳ ನಡುವೆ ಜೋಳದ ರೊಟ್ಟಿಯ ಬುತ್ತಿಯನ್ನು ಬಿಚ್ಚಲು ನಿಮ್ಮಲ್ಲಿ ಕೆಲವರು ನಾಚುವುದನ್ನು ಕಂಡಿದ್ದೇನೆ. ಈ ನಾಚಿಕೆ ತರವಲ್ಲ.

ಅಕ್ಷರಗಳಿಂದ ಪದಗಳಾಗುವಂತೆ, 20 ಅಮೈನೋ ಆಮ್ಲಗಳಿಂದ ನಮ್ಮ ದೇಹದ ಪ್ರೋಟೀನುಗಳಾಗುತ್ತವೆ. ಅವುಗಳಲ್ಲಿ 9ನ್ನು ದೇಹವು ತಾನೇ ನಿರ್ಮಿಸಲಾರದು, ಆಹಾರದಿಂದಲೇ ಪಡೆಯಬೇಕು. ಒಂದಕ್ಷರ ಸಾಲದಾದರೂ ಪದ ಮುಗಿಯದು. ಜೋಳದಲ್ಲಿ ಲೈಸೀನ್ ಕಡಿಮೆ, ಬೇಳೆಯಲ್ಲಿ ಮೆಥಿಯೊನೀನ್ ಕಡಿಮೆ. ಕೂಡಿ ಉಂಡರೆ ಒಂದರ ಕೊರತೆಯನ್ನು ಇನ್ನೊಂದು ನೀಗುತ್ತದೆ. ಬ್ರೆಡ್ಡಿಗೂ ಲೈಸೀನಿನ ಕೊರತೆಯುಂಟು. ಜಾಮು ಅದನ್ನು ತುಂಬಲಾರದು. ಪುಣೆಯ ನೆರೆಮನೆಯ ಭಾಕರಿ–ಆಮಟಿಯ ಮರ್ಮವೂ ಇದೇ.

1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದ ಕಮಲಾ ಸೊಹೊನಿಯವರು ಅಲ್ಲಿ ಬೇಳೆಕಾಳುಗಳ ಪ್ರೋಟೀನುಗಳನ್ನು ಅಭ್ಯಸಿಸಿದರು. ವಿಜ್ಞಾನಮಂದಿರಕ್ಕೆ ಸಂದ ವಸ್ತು ನಮ್ಮ ಬುತ್ತಿಗೆ ಸಲ್ಲದೆ? ರೊಟ್ಟಿಯನ್ನು ಮುಚ್ಚಿಡಬೇಡಿ, ಅದರ ಪಕ್ಕದಲ್ಲಿ ಬೇಳೆ ಉಂಟೇ ಎಂದು ಮಾತ್ರ ನೋಡಿಕೊಳ್ಳಿ.