ಮನೆಮಂದಿಯ ಆರೈಕೆಯನ್ನೂ ಒರೆಗೆ ಹಚ್ಚಿದ ಲುಧಿಯಾನದ ವೈದ್ಯ

ಪಾರ್ಶ್ವವಾಯು ಬಡಿದವರನ್ನು ನಾಲ್ಕೂವರೆ ಗಂಟೆಯೊಳಗೆ ಸರಿಯಾದ ಆಸ್ಪತ್ರೆಗೆ ತಲುಪಿಸಿದರೆ ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದು ನೀಡಬಹುದು ಎಂಬುದು ಇಂದು ಅನೇಕರಿಗೆ ತಿಳಿದಿದೆ. ರಕ್ತಸ್ರಾವದಿಂದ ಬಂದ ಲಕ್ವಕ್ಕೆ ಈ ಮದ್ದು ಸಲ್ಲದು, ಆದ್ದರಿಂದ ಮೊದಲು ಸ್ಕ್ಯಾನ್ ಆಗಲೇಬೇಕು. ಆದರೆ ನಾವು ವಾರ್ಡುಗಳಲ್ಲಿ ರೋಗಿಗಳನ್ನು ಭೇಟಿ ಮಾಡಲು ಹೋದಾಗ ಕಾಣುವುದು ಆ ನಾಲ್ಕೂವರೆ ಗಂಟೆ ಮೀರಿದ ನಂತರದ ಬದುಕನ್ನು. ಒಂದು ಕೈ, ಒಂದು ಕಾಲು ಸ್ವಾಧೀನ ತಪ್ಪಿ, ಮಾತು ತೊದಲಿ, ಮಂಚ ಹಿಡಿದವರು ಒಂದು ಕಡೆ. ಅವರನ್ನು ಎತ್ತಿ ಕೂರಿಸಿ ಉಣಿಸುವ ಮಡದಿ, ಮಗಳು ಅಥವಾ ಸೊಸೆ ಇನ್ನೊಂದು ಕಡೆ.

ಈ ಎರಡನೆಯವರ ಬಗ್ಗೆ ಯೋಚಿಸಿದವರಲ್ಲಿ ಲುಧಿಯಾನದ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ನರರೋಗ ತಜ್ಞ ಡಾ. ಜಯರಾಜ್ ದುರೈ ಪಾಂಡಿಯನ್ ಒಬ್ಬರು. ನಮ್ಮ ದೇಶದಲ್ಲಿ ಫಿಸಿಯೋಥೆರಪಿಸ್ಟರ ಕೊರತೆ ದೊಡ್ಡದು, ಇರುವವರೂ ಹೆಚ್ಚಾಗಿ ಪೇಟೆಗಳಲ್ಲಿದ್ದಾರೆ. ಹಾಗಾದರೆ ಮನೆಯವರಿಗೇ ತರಬೇತಿ ಕೊಟ್ಟು ವ್ಯಾಯಾಮ ಮಾಡಿಸಿದರೆ ಹೇಗೆ? ಸಿಡ್ನಿಯ ಪ್ರೊ. ರಿಚರ್ಡ್ ಲಿಂಡ್ಲಿ ಮತ್ತು ಇತರ ಸಂಶೋಧಕರೊಂದಿಗೆ ಸೇರಿ ಅವರು 'ಅಟೆಂಡ್' ಎಂಬ ಅಧ್ಯಯನ ನಡೆಸಿದರು. ಭಾರತದ 14 ಆಸ್ಪತ್ರೆಗಳು, 1,250 ರೋಗಿಗಳು. ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿನ ಮನೆಯವರಿಗೆ ಆಸ್ಪತ್ರೆಯಲ್ಲೇ ತರಬೇತಿ, ಆ ಬಳಿಕ ಎರಡು ತಿಂಗಳಲ್ಲಿ ಆರರ ತನಕ ಮನೆ ಭೇಟಿ. ಇನ್ನೊಂದು ಗುಂಪಿಗೆ ಆಯಾ ಆಸ್ಪತ್ರೆಯಲ್ಲಿ ಎಂದಿನಂತೆ ಸಿಗುವ ಆರೈಕೆ.

2017ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶ ಬಂತು. ಆರು ತಿಂಗಳ ಕೊನೆಗೆ ಮೃತಪಟ್ಟವರು ಹಾಗೂ ಪರಾವಲಂಬಿಗಳಾಗಿ ಉಳಿದವರು ಒಟ್ಟಾಗಿ ಎರಡೂ ಗುಂಪಿನಲ್ಲಿ ಶೇ. 47. ತರಬೇತಿಯಿಂದ ಇದರಲ್ಲಿ ವ್ಯತ್ಯಾಸ ಆಗಲಿಲ್ಲ.

ಇಲ್ಲಿ ತುಸು ನಿಲ್ಲಬೇಕು. ಯೋಜನೆ ಒಳ್ಳೆಯದು, ಉದ್ದೇಶ ಒಳ್ಳೆಯದು, ಖರ್ಚು ಕಡಿಮೆ. ಇಂತಹ ಕಾರ್ಯಕ್ರಮವನ್ನು ಪರೀಕ್ಷಿಸದೆಯೇ ಜಾರಿಗೆ ತಂದು, ಎಷ್ಟು ಕುಟುಂಬಗಳಿಗೆ ತರಬೇತಿ ಕೊಟ್ಟೆವೆಂದು ವರದಿ ಬರೆಯುವುದು ಬಹಳ ಸುಲಭ. (ನಮ್ಮ ಸೇವಾ ಸಂಸ್ಥೆಗಳ ವಾರ್ಷಿಕ ವರದಿಗಳನ್ನು ಓದಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.) ಈ ಸಂಶೋಧಕರು ಮಾತ್ರ, ಹೊಸ ಪುರಾವೆ ಸಿಗುವ ತನಕ ಇಂತಹ ಸೇವೆಗಳಿಗೆ ಹಣ ಹೂಡುವುದನ್ನು ನಮ್ಮ ಫಲಿತಾಂಶ ಸಮರ್ಥಿಸುವುದಿಲ್ಲ ಎಂದು ನೇರವಾಗಿ ಬರೆದರು. ಪ್ರಯೋಜನವಿಲ್ಲದ ಭಾರವನ್ನು ಮೊದಲೇ ದಣಿದಿರುವ ಸೊಸೆಯ ಹೆಗಲಿಗೆ ಹಾಕದಿರುವುದೂ ಸಂಶೋಧನೆಯ ನೈತಿಕತೆಯೇ. ಹಾಗೆಂದು ಮನೆಯವರ ಆರೈಕೆ ವ್ಯರ್ಥ ಎಂದು ಯಾರೂ ತಿಳಿಯಬಾರದು. ವ್ಯರ್ಥವೆನಿಸಿದ್ದು ಆ ನಿರ್ದಿಷ್ಟ ತರಬೇತಿಯೇ ಹೊರತು ಪ್ರೀತಿಯ ಊಟೋಪಚಾರವಲ್ಲ.

ಡಾ. ಪಾಂಡಿಯನ್ ತಂಡದ ಇನ್ನೊಂದು ಅಧ್ಯಯನ 'ಸ್ಪ್ರಿಂಟ್ ಇಂಡಿಯಾ'. ಎರಡನೇ ಬಾರಿ ಪಾರ್ಶ್ವವಾಯು ಬಾರದಂತೆ 12 ಭಾಷೆಗಳಲ್ಲಿ ಎಸ್ಸೆಮ್ಮೆಸ್, ವಿಡಿಯೋ ಮತ್ತು ಪುಸ್ತಿಕೆ ಕೊಟ್ಟು ನೋಡಲಾಯಿತು. 31 ಕೇಂದ್ರಗಳ ನಾಲ್ಕು ಸಾವಿರಕ್ಕೂ ಮಿಕ್ಕಿದ ರೋಗಿಗಳು ಇದರಲ್ಲಿದ್ದರು. ಮುಂದುವರಿಸಿದರೂ ಲಾಭ ಕಾಣದು ಎಂದು ಮನವರಿಕೆಯಾದಾಗ ಅದನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. 2023ರಲ್ಲಿ ಅದೂ ಪ್ರಕಟವಾಯಿತು. ಇಂತಹ 'ಸೋಲು'ಗಳನ್ನು ಮುಚ್ಚಿಡದ ವೈದ್ಯರೇ ಮುಂದೆ ವಿಶ್ವ ಪಾರ್ಶ್ವವಾಯು ಸಂಘಟನೆಯ ಅಧ್ಯಕ್ಷ ಸ್ಥಾನಕ್ಕೂ ಬಂದರು.

ಎಲ್ಲ ಕಡೆ ಹೀಗೆ ನಡೆದಿಲ್ಲ. 2009ರಲ್ಲಿ ಆಂಧ್ರದ ಖಮ್ಮಂನಲ್ಲಿ ಬಾಲಕಿಯರಿಗೆ ಎಚ್‌ಪಿವಿ ಲಸಿಕೆ ನೀಡಿದ ಯೋಜನೆಯಲ್ಲಿ ಅನೇಕ ಒಪ್ಪಿಗೆ ಪತ್ರಗಳಿಗೆ ಹೆತ್ತವರ ಬದಲು ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದರು. 2010ರಲ್ಲಿ ಯೋಜನೆ ನಿಂತಿತು, 2013ರಲ್ಲಿ ಸಂಸದೀಯ ಸಮಿತಿ ಕಟುವಾಗಿ ಟೀಕಿಸಿತು. ಪ್ರಶ್ನೆ ಎದ್ದದ್ದು ಲಸಿಕೆಯ ಗುಣಕ್ಕಿಂತಲೂ ಹೆಚ್ಚಾಗಿ ಸಹಿಯ ವಿಚಾರದಲ್ಲಿ.

ಪಾರ್ಶ್ವವಾಯುವಿನಲ್ಲಿ ಈ ಸಹಿ ಇನ್ನೂ ಜಟಿಲ. ರೋಗಿಗೆ ಪ್ರಜ್ಞೆ ಇಲ್ಲ, ಇದ್ದರೂ ಮಾತಿಲ್ಲ. ಗಾಬರಿಯಾದ ಮಗ ಹೇಳಿದಲ್ಲೆಲ್ಲ ರುಜು ಹಾಕುತ್ತಾನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಪ್ರಕಾರ ಕಾನೂನುಬದ್ಧ ಪ್ರತಿನಿಧಿಯ ಒಪ್ಪಿಗೆ ಸಾಕು, ಆದರೆ ರೋಗಿ ಚೇತರಿಸಿಕೊಂಡ ಮೇಲೆ ಅವರನ್ನೇ ಮತ್ತೊಮ್ಮೆ ಕೇಳಬೇಕು. ಬೇಡವೆಂದರೂ ಎಂದಿನ ಚಿಕಿತ್ಸೆ ತಪ್ಪಬಾರದು.

ಆಸ್ಪತ್ರೆಗಳಲ್ಲಿ ಸೇವೆ ಮಾಡುವ ನಮ್ಮ ಸಿಸ್ಟರ್‌ಗಳು ಮತ್ತು ಕಾರ್ಯಕರ್ತರು ಅಂತಹ ಹೊತ್ತಿನಲ್ಲಿ ಕುಟುಂಬದ ಪಕ್ಕದಲ್ಲಿ ಕುಳಿತು ಕಾಗದವನ್ನು ಕನ್ನಡದಲ್ಲೋ ಕೊಂಕಣಿಯಲ್ಲೋ ತುಳುವಿನಲ್ಲೋ ಓದಿ ಹೇಳಬಹುದು. ಇದು ಚಿಕಿತ್ಸೆಯೇ, ಸಂಶೋಧನೆಯೇ? ಹಾನಿಯಾದರೆ ಖರ್ಚು ಯಾರದು? ನೈತಿಕ ಸಮಿತಿಯ ಅನುಮತಿ ಇದೆಯೇ? 2009ರ ಜೂನ್ 15ರಿಂದ ನಮ್ಮ ದೇಶದ ಕ್ಲಿನಿಕಲ್ ಟ್ರಯಲ್‌ಗಳ ನೋಂದಣಿ ಕಡ್ಡಾಯವಾಗಿದೆ. ನೋಂದಣಿ ಸಂಖ್ಯೆ ಕೇಳಿ ಬರೆದಿಟ್ಟುಕೊಂಡರೆ ಆ ಅಧ್ಯಯನದ ವಿವರವನ್ನು ಇಂಟರ್‌ನೆಟ್‌ನಲ್ಲಿ ಯಾರು ಬೇಕಾದರೂ ನೋಡಬಹುದು.